ಬಿಳಿಗಿರಿ ಪೋಡುಗಳಲ್ಲಿ ಸೋಲಾರ್ ಪಾಠ: ಒಂದು ಹಿಂಗಾರಿನ ತಿರುಗಾಟ

ಮೊದಲ ದಿನ: ಯಳಂದೂರು, ಗುಂಬಳ್ಳಿ, ಬೆಟ್ಟ

ಹೊರಟದ್ದು ಬಿಳಿಗಿರಿರಂಗನ ಬೆಟ್ಟಕ್ಕೆ, ಸೋಲಿಗರ ಪೋಡುಗಳಲ್ಲಿ (ಕಾಡಿನೊಳಗಿನ ಅವರ ಊರುಗಳಲ್ಲಿ) ಸೋಲಾರ್ ದೀಪದ ಕೆಲಸವನ್ನು ಅಲ್ಲಿನವರಿಗೇ ಕಲಿಸುವ ತರಬೇತಿಗೆ. ಸಂತೆಮರಹಳ್ಳಿ ದಾಟುವವರೆಗೂ ಬಿಸಿಲಿತ್ತು. ಯಳಂದೂರಿನಲ್ಲಿ ಕಾಫಿ ಕುಡಿದು ಹೊರಗೆ ಬರುವಷ್ಟರಲ್ಲಿ ಹಿಂಗಾರಿನ ಮೋಡ ಬೆಟ್ಟದ ತಲೆಯನ್ನು ಮುಚ್ಚಿಬಿಟ್ಟಿತ್ತು. ಅಕ್ಟೋಬರ್ ಕೊನೆ ಸೋಲಾರ್ ಕಲಿಸುವ ಕಾಲವೇ ಅಂತ ಯಾರಾದರೂ ಕೇಳಬಹುದು. ಕಲಿಸಬೇಕಾದ್ದು ಆಗಲೇ. ಮಾರ್ಚ್ ಬಿಸಿಲಿನಲ್ಲಿ ಎಂಥ ಹಳೇ ಬ್ಯಾಟರಿಯೂ ದೀಪ ಉರಿಸುತ್ತದೆ. ಮೂರು ದಿನ ಸೂರ್ಯನ ಮುಖ ಕಾಣದಿದ್ದಾಗ ಯಾರ ಮನೆಯಲ್ಲಿ ಬೆಳಕು ಉಳಿಯುತ್ತದೆ ಅನ್ನುವುದರಲ್ಲಿ ಕೆಲಸದ ಗುಣ ಗೊತ್ತಾಗುತ್ತದೆ.

ಗುಂಬಳ್ಳಿ ಚೆಕ್‌ಪೋಸ್ಟಿನಲ್ಲಿ ಗಾಡಿ ನಂಬರು ಬರೆಸಿ ಮುಂದೆ ಹೋಗಬೇಕು. ಕತ್ತಲಾಗುವ ಮೊದಲೇ ಬೆಟ್ಟ ಸೇರುವ ಲೆಕ್ಕ ಇಟ್ಟುಕೊಳ್ಳುವುದು ಒಳ್ಳೆಯದು, ಗೇಟು ಹಾಕಿದ ಮೇಲೆ ಯಾರ ಮಾತೂ ನಡೆಯುವುದಿಲ್ಲ. ಅಲ್ಲಿಂದ ರಸ್ತೆ ತಿರುವು ತಿರುವಾಗಿ ಏರುತ್ತದೆ. ಎರಡೂ ಬದಿ ಲಾಂಟಾನ ಎದೆಮಟ್ಟ ಬೆಳೆದು ಕಾಡಿನ ನೆಲವೇ ಕಾಣದು. ಹಿಂದೆ ಬೇಸಿಗೆಯ ಮೊದಲು ತರಗು ಬೆಂಕಿ ಹಾಕುತ್ತಿದ್ದಾಗ ಇದು ಇಷ್ಟು ಹಬ್ಬಿರಲಿಲ್ಲ ಎಂದು ಸೋಲಿಗ ಹಿರಿಯರು ಹೇಳುತ್ತಾರೆ. ಈ ಮಾತನ್ನು ಬೆಟ್ಟದಲ್ಲಿ ಯಾವ ಪೋಡಿಗೆ ಹೋದರೂ ಕೇಳಬಹುದು.

ತರಬೇತಿಗೆ ಬಂದವರೆಲ್ಲ ಬೇರೆ ಬೇರೆ ಪೋಡಿನವರು. ಒಂದೊಂದು ಪೋಡಿನಿಂದ ಇಬ್ಬಿಬ್ಬರು, ಅದರಲ್ಲಿ ಒಬ್ಬರು ಹೆಂಗಸು ಇರಲೇಬೇಕು ಎಂಬ ಕಟ್ಟು. ಕಾರಣ ಸರಳ. ಹತ್ತನೇ ಕ್ಲಾಸು ಮುಗಿಸಿದ ಹುಡುಗನನ್ನೇ ಆರಿಸಿ ಕಲಿಸಿದರೆ, ಕೈಗೆ ಕೆಲಸ ಬಂದ ಮರು ವರ್ಷ ಅವನು ಕೊಡಗಿನ ಕಾಫಿ ತೋಟಕ್ಕೋ ಮೈಸೂರಿಗೋ ಹೊರಡುತ್ತಾನೆ. ಪೋಡಿನಲ್ಲಿ ಉಳಿಯುವವರು ಮೂವತ್ತು, ಮೂವತ್ತೈದು ದಾಟಿದ ಹೆಂಗಸರು. ಓದು ಕಡಿಮೆ ಇದ್ದರೂ ಮೀಟರಿನ ಅಂಕಿ ಓದಲು ಬಂದರೆ ಸಾಕು, ಮಿಕ್ಕದ್ದು ಕೈಯ ಅಭ್ಯಾಸ.

ಮೊದಲ ಪಾಠಕ್ಕೆ ಪ್ಯಾನೆಲ್ಲೂ ಇಲ್ಲ, ತಂತಿಯೂ ಇಲ್ಲ. ಮನೆಯಲ್ಲಿ ಏನೇನು ಉರಿಯುತ್ತದೆ, ಎಷ್ಟು ಹೊತ್ತು ಉರಿಯುತ್ತದೆ ಅಂತ ಪಟ್ಟಿ ಬರೆಯುವುದು. 5 ವ್ಯಾಟಿನ ಮೂರು ದೀಪ, ದಿನಕ್ಕೆ ಐದು ಗಂಟೆ ಅಂದರೆ 75 ವ್ಯಾಟ್-ಅವರ್. ಎರಡು ಮೊಬೈಲು ಸೇರಿ 15. ಒಟ್ಟು 90. 12 ವೋಲ್ಟ್, 40 ಆಂಪ್-ಅವರ್ ಬ್ಯಾಟರಿಯಲ್ಲಿ 480 ವ್ಯಾಟ್-ಅವರ್ ಇದ್ದರೂ ಲೆಡ್ ಬ್ಯಾಟರಿ ಬಾಳಬೇಕಾದರೆ ಅರ್ಧದಷ್ಟೇ ಬಳಸಬೇಕು, ಅಂದರೆ 240. ಬಿಸಿಲೇ ಇಲ್ಲದಿದ್ದರೂ ಎರಡೂವರೆ ದಿನ ದಾಟುತ್ತದೆ. ಲೆಕ್ಕ ಇಲ್ಲಿಗೆ ಬಂದಾಗ ಹಿಂದಿನ ಸಾಲಿನ ಹೆಂಗಸೊಬ್ಬರು ಕೇಳಿದರು: "ಬ್ಯಾಟ್ರಿ ಲೈಟು ಬರೀನಿಲ್ಲವಲ್ಲ? ರಾಗಿ ಕಾಯಕ್ಕೆ ಹೋಗೋರು ಏನು ಹಿಡ್ಕೊಂಡು ಹೋಗಾದು?"

ಅಕ್ಟೋಬರಿನಲ್ಲಿ ರಾಗಿ ತೆನೆಗೆ ಬಂದಿರುತ್ತದೆ. ಆನೆ, ಹಂದಿ ಕಾಯಲು ಅಟ್ಟಣೆ ಹತ್ತಿದವರಿಗೆ ರಾತ್ರಿಯಿಡೀ ಟಾರ್ಚು ಬೇಕು, ಹಗಲೆಲ್ಲ ಅದು ಚಾರ್ಜಿಗೆ ಇರುತ್ತದೆ. ಎರಡು ಟಾರ್ಚಿಗೆ ಇನ್ನೊಂದು 20 ವ್ಯಾಟ್-ಅವರ್. ಎರಡೂವರೆ ದಿನದ ಲೆಕ್ಕ ಎರಡು ದಿನಕ್ಕೆ ಇಳಿಯಿತು. ಊರಿನ ಎಂಜಿನಿಯರು ಕೂತು ಮಾಡಿದ ಪಟ್ಟಿಯಲ್ಲಿ ಈ ಟಾರ್ಚು ಎಂದೂ ಇರುವುದಿಲ್ಲ, ಸಿಸ್ಟಮ್ಮು ಸಣ್ಣದಾಗುವುದು ಹೀಗೆ.

ಸಂಜೆ, ವೋಲ್ಟ್ ಆಂಪ್ ಎರಡನ್ನೂ ಅಳೆಯುವ ಮಲ್ಟಿಮೀಟರ್ ಪಾಠದಲ್ಲಿ ಒಂದು ಸಿಡಿತ. ಆಂಪ್ ಅಳೆದ ಮೇಲೆ ಕೆಂಪು ತಂತಿಯನ್ನು 10 ಆಂಪ್ ತೂತಿನಲ್ಲೇ ಬಿಟ್ಟು ಒಬ್ಬ ಹುಡುಗ ವೋಲ್ಟ್ ನೋಡಲೆಂದು ಬ್ಯಾಟರಿಯ ಎರಡು ತುದಿಗೆ ಹಿಡಿದ. ಕಿಡಿ ಹಾರಿ ಮೊನೆ ಕಪ್ಪಾಯಿತು, ಒಳಗಿನ ಫ್ಯೂಸು ಹೋಯಿತು. ಆಂಪ್ ತೂತಿನಲ್ಲಿದ್ದರೆ ಮೀಟರು ಬರೀ ತಂತಿಯ ಹಾಗೆ, ಬ್ಯಾಟರಿಗೆ ಹಿಡಿದರೆ ಶಾರ್ಟೇ. ಕಲಿಸುವವರು ಬಯ್ಯಲಿಲ್ಲ. ಅದೇ ಮೀಟರು ಬಿಚ್ಚಿ ಫ್ಯೂಸು ಹಾಕುವುದನ್ನು ಅವನ ಕೈಯಲ್ಲೇ ಮಾಡಿಸಿದರು. ಪ್ರತಿ ಟೂಲ್ ಕಿಟ್ಟಿನಲ್ಲಿ ಅದೇ ಅಳತೆಯ ಐದು ಫ್ಯೂಸು ಇಟ್ಟಿರಬೇಕು. ಇಲ್ಲದಿದ್ದರೆ ಮೊದಲ ತಿಂಗಳಲ್ಲೇ ಯಾರೋ ಸಿಗರೇಟು ಪ್ಯಾಕಿನ ಬೆಳ್ಳಿ ಹಾಳೆ ಸುತ್ತಿ ಕೂರಿಸಿಬಿಡುತ್ತಾರೆ.

ಎರಡನೇ ದಿನ: ಸತ್ತ ಬ್ಯಾಟರಿಗಳ ಪೋಡು

ರಾತ್ರಿಯೆಲ್ಲ ಮಳೆ. ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ರಂಗನಾಥನ ಗುಡಿಯ ಗಂಟೆ ಕೇಳಿಸಿತೇ ಹೊರತು ಗೋಪುರ ಕಾಣಲಿಲ್ಲ. ಸೋಲಿಗರ ಕುಸುಮಾಲೆಯನ್ನು ಮದುವೆಯಾದವನಾದ್ದರಿಂದ ರಂಗಪ್ಪ ಇಲ್ಲಿನವರಿಗೆ ಭಾವ. "ಭಾವ ಇವತ್ತು ಕಂಬಳಿ ಹೊದ್ದವನೆ, ಬಿಸ್ಲು ಬಿಡಾಕಿಲ್ಲ" ಎಂದು ಜೀಪಿನಲ್ಲಿದ್ದ ಹಿರಿಯರೊಬ್ಬರು ಮೊದಲೇ ಹೇಳಿದ್ದರು. ಹಾಗೇ ಆಯಿತು.

ಪೋಡಿಗೆ ಹೋಗುವ ಮಣ್ಣು ದಾರಿಯಲ್ಲಿ ಜೀಪು ಹೂತುಕೊಂಡಿತು. ಲಾಂಟಾನ ಕೊಂಬೆ ಕಡಿದು ಚಕ್ರದಡಿ ತುಂಬಿದ ಮೇಲೆ ಮೇಲೆದ್ದಿತು. ಬ್ಯಾಟರಿ ಸಾಗಿಸುವವರು ಇಂಥ ದಾರಿಯಲ್ಲಿ ಆಸಿಡ್ ತುಂಬಿದ ಬ್ಯಾಟರಿಯನ್ನು ನೆಟ್ಟಗೆ ನಿಲ್ಲಿಸಿ ಹಗ್ಗ ಬಿಗಿಯಬೇಕು. ಮಗುಚಿದರೆ ಆಸಿಡ್ ಸೋರಿ ಒಂದು ಸೆಲ್ಲು ಖಾಲಿಯಾಗುತ್ತದೆ, ಹಾಕಿದ ದಿನದಿಂದಲೇ ಆ ಬ್ಯಾಟರಿ ಕುಂಟು.

ಪೋಡಿನಲ್ಲಿ ಸುಮಾರು ಮೂವತ್ತು ಮನೆ. ಹಿಂದೆ ಯಾವುದೋ ಯೋಜನೆಯಲ್ಲಿ ಎಲ್ಲರಿಗೂ 40 ವ್ಯಾಟಿನ ಪ್ಯಾನೆಲ್ ಬಂದಿತ್ತು. ಈಗ ದೀಪ ಹತ್ತುವುದು ಅರ್ಧಕ್ಕಿಂತ ಕಡಿಮೆ ಮನೆಗಳಲ್ಲಿ. ಕಲಿಯುವವರನ್ನು ಮೂರು ತಂಡ ಮಾಡಿ ಮನೆ ಮನೆಗೆ ಬಿಟ್ಟರು. ಪರೀಕ್ಷೆಯ ಕ್ರಮ ಒಂದೇ, ಪ್ಯಾನೆಲಿನಿಂದ ಶುರುಮಾಡಿ ದೀಪದ ತನಕ ಬರುವುದು.

ಪ್ಯಾನೆಲಿನ ತಂತಿ ಬಿಚ್ಚಿ ವೋಲ್ಟ್ ಅಳೆದರೆ 36 ಸೆಲ್ಲಿನ ಪ್ಯಾನೆಲಿನಲ್ಲಿ ಮೋಡದ ದಿನವೂ 19, 20 ಬರಬೇಕು, ಒಳ್ಳೆ ಬಿಸಿಲಿಗೆ 21 ದಾಟಬೇಕು. ಸೊನ್ನೆ ಬಂದರೆ ಪ್ಯಾನೆಲ್ ಸತ್ತಿದೆ ಅಂತ ಅಲ್ಲ, ಹಿಂದಿನ ಡಬ್ಬಿಯಲ್ಲಿ ತಂತಿ ಕಳಚಿರುವುದೇ ಹೆಚ್ಚು. ಇಲ್ಲಿ ಮೂರು ಮನೆಗಳಲ್ಲಿ ಕೋತಿಗಳು ತಂತಿ ಜಗ್ಗಿದ್ದವು. ಪೈಪಿನೊಳಗೆ ಹಾಕದ ತಂತಿ ಬೆಟ್ಟದಲ್ಲಿ ಒಂದು ವರ್ಷ ಉಳಿದರೆ ಪುಣ್ಯ. ವೋಲ್ಟ್ ಸರಿ ಇದ್ದು ಆಂಪ್ ಕಡಿಮೆಯಾದರೆ ಪಾಚಿ, ಹಕ್ಕಿ ಹಿಕ್ಕೆ ಅಥವಾ ನೆರಳು. ಸೆಲ್ಲುಗಳೆಲ್ಲ ಒಂದಕ್ಕೊಂದು ಸರಪಳಿಯಾಗಿರುವುದರಿಂದ ಒಂದೇ ಕೊಂಬೆಯ ನೆರಳು ಇಡೀ ಪ್ಯಾನೆಲಿನ ಹರಿವನ್ನು ಕಟ್ಟಿಹಾಕುತ್ತದೆ.

ನಿಜವಾದ ರೋಗ ಇದ್ದದ್ದು ಬ್ಯಾಟರಿಯಲ್ಲಿ. ಮುಚ್ಚಳ ತೆಗೆದು ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಸಿದರೆ ತುಂಬಿದ ಟ್ಯೂಬುಲರ್ ಬ್ಯಾಟರಿ 1.24 ಆಸುಪಾಸು ತೋರಿಸಬೇಕು. ಇಲ್ಲಿ 1.12, 1.10. ಎರಡು ಮನೆಗಳಲ್ಲಿ ಬ್ಯಾಟರಿಯೊಳಗಿನ ಸೀಸದ ಫಲಕಗಳು ನೀರಿಲ್ಲದೆ ಒಣಗಿ ಬೆಳ್ಳಗಾಗಿದ್ದವು. ಒಂದು ಮನೆಯಲ್ಲಿ ಹಳ್ಳದ ನೀರು ತುಂಬಿದ್ದರು. ಹಳ್ಳದ ನೀರು ಕುಡಿಯಲು ಎಷ್ಟೇ ಚೊಕ್ಕವಾಗಿದ್ದರೂ ಅದರಲ್ಲಿ ಕರಗಿದ ಉಪ್ಪು, ಕಬ್ಬಿಣ ಬ್ಯಾಟರಿಗೆ ವಿಷ. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು, ಫಲಕ ಮುಳುಗಿ ಮೇಲೆ ಒಂದು ಬೆರಳಗಲ ಸಾಕು, ಆಸಿಡ್ ಎಂದೂ ಸೇರಿಸಬಾರದು.

ಇನ್ನೊಂದು ಸಂಗತಿ ಸುಮಾರು ಮನೆಗಳಲ್ಲಿ ಒಂದೇ ತರ. ಬ್ಯಾಟರಿ ಇಳಿದಾಗ ಚಾರ್ಜ್ ಕಂಟ್ರೋಲರ್ (ಪ್ಯಾನೆಲ್, ಬ್ಯಾಟರಿ, ದೀಪದ ನಡುವೆ ಹರಿವು ನೋಡಿಕೊಳ್ಳುವ ಡಬ್ಬಿ) ದೀಪ ಆರಿಸುತ್ತದೆ, 11 ವೋಲ್ಟ್ ಚಿಲ್ಲರೆಗೆ. ಮಳೆಗಾಲದಲ್ಲಿ ಊಟದ ಹೊತ್ತಿಗೆ ಸರಿಯಾಗಿ ಆರಿದರೆ ಯಾರು ಸುಮ್ಮನಿರುತ್ತಾರೆ? ಕಂಟ್ರೋಲರ್ ಬಿಟ್ಟು ಬ್ಯಾಟರಿಯಿಂದ ದೀಪಕ್ಕೆ ಡೈರೆಕ್ಟ್ ತಂತಿ ಕೊಟ್ಟುಕೊಂಡಿದ್ದರು. ಬ್ಯಾಟರಿ 9, 8 ವೋಲ್ಟಿಗೆ ಇಳಿದು ವಾರಗಟ್ಟಲೆ ಹಾಗೇ ಬಿದ್ದಿದ್ದರೆ ಫಲಕದ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಎಷ್ಟು ಬಿಸಿಲು ಬಿದ್ದರೂ ತುಂಬುವುದಿಲ್ಲ. "ಡೈರೆಕ್ಟ್ ಕೊಡಬೇಡಿ" ಅಂತ ಬೋರ್ಡು ಬರೆದರೆ ಇದು ನಿಲ್ಲದು. ಕಲಿತ ಹೆಂಗಸರು ಕಂಡುಕೊಂಡ ದಾರಿ ಬೇರೆ. ಮಳೆ ಹಿಡಿದ ಎರಡನೇ ದಿನದಿಂದ ಒಂದೇ ದೀಪ, ಅದು ಅಡಿಗೆ ಮನೆಯದು. ಟಾರ್ಚಿಗೆ ಮೊದಲ ಪಾಲು. ಈ ಕಟ್ಟನ್ನು ಪೋಡಿನವರೇ ಕೂತು ಮಾಡಿಕೊಂಡರೆ ಮುರಿಯುವವರು ಕಡಿಮೆ.

ಬ್ಯಾಟರಿ ಮುಟ್ಟುವ ಮುಂಚೆ ಕೈಯ ಲೋಹದ ಬಳೆ, ಉಂಗುರ ತೆಗೆದು ಸೆರಗಿಗೆ ಕಟ್ಟಿಕೊಳ್ಳುವುದನ್ನು ಎಲ್ಲರೂ ಮರೆಯದೆ ಮಾಡಿದರು. ಸ್ಪ್ಯಾನರಿನ ಹಿಡಿಗೆ ಇನ್ಸುಲೇಷನ್ ಟೇಪು ಸುತ್ತಿತ್ತು, ಜಾರಿ ಎರಡು ಟರ್ಮಿನಲ್ ಮೇಲೆ ಬಿದ್ದರೂ ಅನಾಹುತ ಆಗದಿರಲಿ ಎಂದು. ಟರ್ಮಿನಲ್ ಮೇಲಿನ ಹಸಿರು ಕಿಲುಬು ತೊಳೆಯಲು ಅಡಿಗೆ ಸೋಡಾ ಕಲಸಿದ ನೀರು, ಹಳೇ ಹಲ್ಲುಜ್ಜುವ ಬ್ರಷ್ಷು, ಒರೆಸಿದ ಮೇಲೆ ವ್ಯಾಸಲಿನ್. ನಾಲ್ಕು ಮನೆಗಳ ದೀಪ ಇಷ್ಟಕ್ಕೇ ಹತ್ತಿತು.

ಮಧ್ಯಾಹ್ನ ಒಂದು ಮನೆಯಲ್ಲಿ ಮುದ್ದೆ, ಬೆರಕೆ ಸೊಪ್ಪಿನ ಸಾರು, ಹುಚ್ಚೆಳ್ಳು ಚಟ್ನಿ. ಒಲೆಯ ಪಕ್ಕ ಕೂತರೆ ಬಟ್ಟೆಯೂ ಒಣಗುತ್ತದೆ, ಹೊಟ್ಟೆಯೂ ತುಂಬುತ್ತದೆ. ಕೊನೆಗೆ ಅವರದೇ ಹಿತ್ತಲ ಕಾಫಿ, ಬೆಲ್ಲ ಹಾಕಿದ್ದು, ಹಾಲಿಲ್ಲದ್ದು.

ಮೂರನೇ ದಿನ: ಕ್ಯಾತದೇವರಗುಡಿ ದಾರಿ, ಮರ, ಗ್ರಾಮಸಭೆ

ಬೆಟ್ಟದಿಂದ ಕ್ಯಾತದೇವರಗುಡಿ ಮೇಲೆ ಚಾಮರಾಜನಗರಕ್ಕೆ ಇಳಿಯುವ ದಾರಿ ಕಾಡಿನ ನಡುವೆಯೇ ಹೋಗುತ್ತದೆ. ಬೆಳಿಗ್ಗೆ ಕಡವೆ, ಕಾಟಿ ಕಾಣುವುದು ಮಾಮೂಲು. ಗಾಡಿ ನಿಲ್ಲಿಸಿ ಇಳಿಯುವಂತಿಲ್ಲ. ಒಳಗಿನ ಪೋಡುಗಳಿಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೊರಗಿನವರು ಹೋಗಲೂಬಾರದು.

ಈ ದಾರಿಯ ಒಂದು ಪೋಡಿನಲ್ಲಿ ಸಮುದಾಯ ಭವನಕ್ಕೆ ಹೊಸ ಪ್ಯಾನೆಲ್ ಎಲ್ಲಿ ಹಾಕಬೇಕೆಂಬ ಸರ್ವೆ. ಬಿಳಿಗಿರಿ ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿ 12ರಿಂದ 15 ಡಿಗ್ರಿ ಓರೆ ಇದ್ದರೆ ಸಾಕು. ಅದಕ್ಕಿಂತ ಚಪ್ಪಟೆ ಮಲಗಿಸಿದರೆ ಮಳೆನೀರು ಜಾರದೆ ಕೆಳಗಿನ ಅಂಚಿನಲ್ಲಿ ಪಾಚಿ ಕಟ್ಟುತ್ತದೆ. ಡಿಸೆಂಬರಿನಲ್ಲಿ ನಡುಹಗಲಿಗೂ ಸೂರ್ಯ ನೆತ್ತಿಗೆ ಬರುವುದಿಲ್ಲ, ದಕ್ಷಿಣದ ಕಡೆ 54 ಡಿಗ್ರಿ ಎತ್ತರದಲ್ಲೇ ನಿಲ್ಲುತ್ತಾನೆ. ಆಗ ದಕ್ಷಿಣಕ್ಕಿರುವ 15 ಮೀಟರ್ ಮರದ ನೆರಳು ಮಧ್ಯಾಹ್ನವೇ 11 ಮೀಟರ್ ಚಾಚುತ್ತದೆ, ಬೆಳಿಗ್ಗೆ ಸಂಜೆ ಇನ್ನೂ ಉದ್ದ. ಏಪ್ರಿಲ್ ಕೊನೆಯಲ್ಲಿ ಸೂರ್ಯ ನೆತ್ತಿಗೆ ಬಂದಾಗ ನೋಡಿ ಜಾಗ ಗುರುತು ಮಾಡಿದವರು ಡಿಸೆಂಬರಿನಲ್ಲಿ ಮೋಸ ಹೋಗುತ್ತಾರೆ.

ಭವನದ ದಕ್ಷಿಣಕ್ಕೆ ಸರಿಯಾಗಿ ಒಂದು ದೊಡ್ಡ ಮತ್ತಿ ಮರ. ಸಮತಟ್ಟು ಅಳೆಯುತ್ತಿದ್ದ ಹುಡುಗ ಒಂದು ಕೊಂಬೆ ಕಡಿದರಾಯಿತು ಅಂದ. ಅಜ್ಜ ಒಬ್ಬರು ಕೂತಲ್ಲಿಂದಲೇ, "ಕೊಂಬೆ ಯಾಕೆ ಕಡೀಬೇಕು ಮಗ, ನಿನ್ನ ಹಲಗೇನೆ ಆಚಿಗೆ ಎತ್ತಿಡು, ಅದಕ್ಕೇನು ಬೇರು ಬಂದದಾ?" ಅಂದರು. ಚರ್ಚೆ ಅಲ್ಲಿಗೆ ಮುಗಿಯಿತು. ಪ್ಯಾನೆಲನ್ನು 12 ಮೀಟರ್ ಆಚೆ ಕಂಬದ ಮೇಲೆ ಇಡುವುದು ಎಂದಾಯಿತು.

ತಂತಿ ಉದ್ದವಾದರೆ ನಷ್ಟ ಎಷ್ಟು? 2.5 ಚದರ ಮಿಲಿಮೀಟರ್ ತಾಮ್ರದ ತಂತಿ, ಹೋಗಿ ಬರುವುದು ಸೇರಿ 30 ಮೀಟರ್. ಮೀಟರಿಗೆ 0.0074 ಓಮಿನಂತೆ 0.22 ಓಮ್. 2.3 ಆಂಪ್ ಹರಿದರೆ ಅರ್ಧ ವೋಲ್ಟ್ ನಷ್ಟ. ಪ್ಯಾನೆಲ್ 17, 18 ವೋಲ್ಟ್ ಕೊಡುತ್ತದೆ, ಬ್ಯಾಟರಿ ತುಂಬಲು ಬೇಕಾದ್ದು 14.4. ಹಾಗಾಗಿ ಆ ಕಡೆ ಅರ್ಧ ವೋಲ್ಟ್ ಹೋದರೆ ನಡೆಯುತ್ತದೆ. ಅದೇ ನಷ್ಟ ಬ್ಯಾಟರಿಯಿಂದ ದೀಪಕ್ಕೆ ಹೋಗುವ ಕಡೆ ಆದರೆ ಇರುವ 12 ವೋಲ್ಟಿನಲ್ಲೇ ಅರ್ಧ ವೋಲ್ಟ್ ಹೋದ ಹಾಗೆ. ಉದ್ದ ತಂತಿ ಪ್ಯಾನೆಲ್ ಕಡೆಗಿರಲಿ, ಬ್ಯಾಟರಿ ದೀಪದ ಹತ್ತಿರ ಇರಲಿ. ನಾಲ್ಕಾರು ಪ್ಯಾನೆಲ್ ಸೇರಿಸುವುದಾದರೆ ಆಂಪ್ ಏರುತ್ತದೆ, ಆಗ ತಂತಿಯೂ ದಪ್ಪವಾಗಬೇಕು.

ಕಂಬ ಅರಣ್ಯ ಭೂಮಿಯಲ್ಲಿ ನಿಲ್ಲುವುದರಿಂದ ಕಾಗದದ ಕೆಲಸ ಇದೆ. ಅದನ್ನು ಕಲಿಸದ ತರಬೇತಿ ಮೆಕ್ಯಾನಿಕ್‌ಗಳನ್ನು ತಯಾರು ಮಾಡಬಹುದು, ಯೋಜನೆ ನಡೆಸುವವರನ್ನಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ ಸೆಕ್ಷನ್ 3(2)ರಲ್ಲಿ, ಅರಣ್ಯ ಭೂಮಿ ಕೊಡಬಹುದಾದ ಸೌಲಭ್ಯಗಳ ಪಟ್ಟಿಯಲ್ಲಿ, ಶಾಲೆ, ಅಂಗನವಾಡಿ, ಕುಡಿಯುವ ನೀರು, ರಸ್ತೆಯ ಜೊತೆಗೆ ಸೋಲಾರ್‌ನಂಥ ಅಸಾಂಪ್ರದಾಯಿಕ ಇಂಧನ ಮೂಲವೂ ಇದೆ, ವಿದ್ಯುತ್ ತಂತಿಯೂ ಇದೆ. ಜಾಗ ಒಂದು ಹೆಕ್ಟೇರಿಗಿಂತ ಕಡಿಮೆ ಇರಬೇಕು, ಕಡಿಯುವ ಮರ ಹೆಕ್ಟೇರಿಗೆ 75 ಮೀರಬಾರದು, ಗ್ರಾಮಸಭೆಯ ಶಿಫಾರಸು ಬೇಕೇ ಬೇಕು. ಬಿಳಿಗಿರಿಯ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿದ್ದು 2011ರಲ್ಲಿ, ಅದೂ ಹುಲಿ ಸಂರಕ್ಷಿತ ಪ್ರದೇಶದೊಳಗೆ. ಹಾಗಾಗಿ ಠರಾವು ಬರೆಯುವ ಅಭ್ಯಾಸ ಇಲ್ಲಿ ಹೊಸದಲ್ಲ. ಠರಾವಿನಲ್ಲಿ ಕಂಬ ಎಷ್ಟು, ಜಾಗ ಎಷ್ಟು ಅಡಿ, ಮರ ಒಂದೂ ಇಲ್ಲ, ನಿರ್ವಹಣೆ ಯಾರದು ಎಂದು ಬಿಡಿಸಿ ಬರೆಯಬೇಕು. "ಸೋಲಾರ್ ಬೇಕು" ಎಂಬ ಒಂದೇ ಸಾಲಿನ ಅರ್ಜಿ ಮೇಜಿನಿಂದ ಮೇಜಿಗೆ ಓಡಾಡಿ ಹಿಂದಕ್ಕೆ ಬರುತ್ತದೆ.

ಸಂಜೆಯ ಸಭೆಯಲ್ಲಿ ದುಡ್ಡಿನ ಮಾತು. ತಿಂಗಳಿಗೆ ಮನೆಗೆ 100 ರೂಪಾಯಿ ಅಂತ ಮೊದಲು ಬಂತು. ಲೆಕ್ಕ ಹಾಕಿದ್ದು ಕಲಿಯುತ್ತಿದ್ದ ಹೆಂಗಸೊಬ್ಬರೇ, ಕರಿಹಲಗೆ ಮೇಲೆ. 30 ಮನೆ, 60 ತಿಂಗಳು, ಒಟ್ಟು 1,80,000. ಐದು ವರ್ಷಕ್ಕೆ ಬ್ಯಾಟರಿ ಬದಲಾಗಬೇಕು, ಒಂದಕ್ಕೆ 5,500 ಅಂತ ಇಟ್ಟುಕೊಂಡರೆ 1,65,000. ಉಳಿದದ್ದು 15,000, ಅಂದರೆ ರಿಪೇರಿ ಮಾಡುವವರಿಗೆ ತಿಂಗಳಿಗೆ 250. "ಇನ್ನೂರೈವತ್ತಕ್ಕೆ ಮಳೇಲಿ ಮಾಡು ಹತ್ತೋರ್ ಯಾರು?" ಎಂದು ಯಾರೋ ಕೇಳಿದರು, ಎಲ್ಲರೂ ನಕ್ಕರು. 150 ಅಂತಾದರೆ ಒಟ್ಟು 2,70,000, ಬ್ಯಾಟರಿ ಕಳೆದು 1,05,000, ತಿಂಗಳಿಗೆ 1,750. ಫ್ಯೂಸು, ಡಿಸ್ಟಿಲ್ಡ್ ವಾಟರ್ ಕಳೆದರೂ ಕೂಲಿ ಅನ್ನುವ ಹಾಗಿದೆ.

ಆದರೆ ತಿಂಗಳು ತಿಂಗಳು ಕೊಡುವುದು ಹೇಗೆ? ಕೈಯಲ್ಲಿ ಕಾಸು ಆಡುವುದು ಜೇನಿನ ಕಾಲದಲ್ಲಿ, ಕಾಫಿ ಕೊಯ್ಲಿನಲ್ಲಿ. ಮಳೆಗಾಲ ಪೂರ್ತಿ ಬರಿಗೈ. ಕೊನೆಗೆ ವರ್ಷದ 1,800ನ್ನು ಎರಡು ಕಂತು ಮಾಡಿ ಜೂನ್ ಮತ್ತು ಜನವರಿಗೆ ಇಟ್ಟರು. ಲ್ಯಾಂಪ್ಸ್ ಎಂಬ ಆದಿವಾಸಿ ಸಹಕಾರ ಸಂಘದಲ್ಲಿ ಜೇನು, ಸೀಗೆ ತೂಕ ಹಾಕಿ ಪುಸ್ತಕಕ್ಕೆ ಏರಿಸುವುದನ್ನು ನೋಡಿ ಬೆಳೆದವರಿಗೆ ಈ ಲೆಕ್ಕದ ಪುಸ್ತಕ ಹೊಸತೇನಲ್ಲ. ಖಾತೆಗೆ ಇಬ್ಬರ ಸಹಿ, ರಿಪೇರಿ ಮಾಡುವವರು ಆ ಇಬ್ಬರಲ್ಲಿ ಇರಬಾರದು. ಈ ಒಂದು ಕಟ್ಟಿಗೆ ಅರ್ಧ ಗಂಟೆ ವಾದ ನಡೆಯಿತು, ನಡೆದದ್ದೇ ಒಳ್ಳೆಯದು.

ನಾಲ್ಕನೇ ದಿನ: ಬೇಗೂರು, ಸರಗೂರು, ಹಾಡಿಯ ಗಿರಣಿ

ಚಾಮರಾಜನಗರದಿಂದ ಗುಂಡ್ಲುಪೇಟೆ, ಬೇಗೂರು ಮೇಲೆ ಸರಗೂರು. ಬೆಟ್ಟದ ಮಳೆ ಇಲ್ಲಿ ಇಲ್ಲ. ಹತ್ತಿ ಹೊಲ, ಜೋಳದ ಹೊಲ, ರಸ್ತೆ ಬದಿ ಹುರಿದ ಕಡಲೆಕಾಯಿ. ಕಾಡಂಚಿನ ಜೇನುಕುರುಬರ ಹಾಡಿಯೊಂದಕ್ಕೆ ಹೋದದ್ದು ಗಿರಣಿ ನೋಡಲು. ಕರ್ನಾಟಕದಲ್ಲಿ ಜೇನುಕುರುಬ, ಕೊರಗ ಎರಡೇ ವಿಶೇಷ ದುರ್ಬಲ ಬುಡಕಟ್ಟುಗಳೆಂದು ಗುರುತಾಗಿರುವುದು, ಸೋಲಿಗರು ಆ ಪಟ್ಟಿಯಲ್ಲಿಲ್ಲ. ಈ ಬುಡಕಟ್ಟುಗಳಿಗೆಂದೇ ಕೇಂದ್ರ ಸರ್ಕಾರ 2023ರಲ್ಲಿ ತಂದ ಪಿಎಂ-ಜನ್‌ಮನ್ ಯೋಜನೆಯಲ್ಲಿ ಲೈನು ಎಳೆಯಲಾಗದ ಇಂಥ ಮನೆಗಳಿಗೆ 50,000 ರೂಪಾಯಿವರೆಗಿನ ಸೋಲಾರ್‌ಗೆ ಅವಕಾಶ ಇಟ್ಟಿದ್ದರು. ಪಟ್ಟಿಯಲ್ಲಿ ಹೆಸರಿದೆಯೇ ಇಲ್ಲವೇ ಎಂಬುದರ ಮೇಲೆ ಯಾವ ಬಾಗಿಲು ತಟ್ಟಬೇಕೆಂಬುದು ನಿಂತಿದೆ, ಇದೂ ಪಾಠದ ಭಾಗವೇ.

ಇಲ್ಲಿನ ಕೆಲವು ಮನೆಗಳಲ್ಲಿ ಲಿಥಿಯಂ ಬ್ಯಾಟರಿ. ನೀರು ಹಾಕುವ ರಗಳೆ ಇಲ್ಲ, ಆದರೆ ಬೇರೆ ರಗಳೆ. ಪೂರ್ತಿ ಇಳಿದಾಗ ಒಳಗಿನ ರಕ್ಷಣಾ ಸರ್ಕ್ಯೂಟು ಬಾಗಿಲು ಹಾಕಿಕೊಳ್ಳುತ್ತದೆ. ಮೀಟರಿಗೆ ಸೊನ್ನೆ ಬರುತ್ತದೆ, ಸತ್ತಿದೆ ಅಂತ ಮೂಲೆಗೆ ಎಸೆಯುತ್ತಾರೆ. ಕೆಲವು ಕಂಟ್ರೋಲರ್‌ಗಳು ಸೊನ್ನೆ ಕಂಡರೆ ಚಾರ್ಜೇ ಶುರು ಮಾಡುವುದಿಲ್ಲ. ಹೊರಗಿನ ಲಿಥಿಯಂ ಚಾರ್ಜರಿನಿಂದ 14 ವೋಲ್ಟಿನಲ್ಲಿ 1 ಆಂಪಿನಷ್ಟು ಸ್ವಲ್ಪ ಹೊತ್ತು ಕೊಟ್ಟರೆ ಎದ್ದು ಕೂರುತ್ತದೆ. ಮೂಲೆಯಲ್ಲಿ ಬಿದ್ದಿದ್ದ ಮೂರರಲ್ಲಿ ಎರಡು ಹೀಗೇ ಎದ್ದವು, ಮೂರನೆಯದು ಉಬ್ಬಿತ್ತು. ಉಬ್ಬಿದ್ದನ್ನು ಎಬ್ಬಿಸುವ ಪ್ರಯತ್ನ ಯಾರೂ ಮಾಡಬಾರದು, ಬೆಂಕಿ ಹಿಡಿಯುತ್ತದೆ. ಹಳೇ ಲೆಡ್ ಕಂಟ್ರೋಲರಿಗೇ ಲಿಥಿಯಂ ಕಟ್ಟುವುದೂ ತಪ್ಪು, ಸೆಲ್ಲುಗಳನ್ನು ಸಮ ಮಾಡಲು ಅದು ಕೊಡುವ ಈಕ್ವಲೈಸ್ ಚಾರ್ಜು 15 ವೋಲ್ಟಿನ ಹತ್ತಿರ ಹೋದಾಗ ಮತ್ತೆ ಬಾಗಿಲು ಮುಚ್ಚಿಕೊಳ್ಳುತ್ತದೆ.

ರಾಗಿ ಗಿರಣಿಗೆ 3 ಕಿಲೋವ್ಯಾಟ್ ಪ್ಯಾನೆಲ್, 2 ಎಚ್‌ಪಿ ಮೋಟಾರು, ನಡುವೆ ಮೋಟಾರಿನ ವೇಗ ಏರಿಸಿ ಇಳಿಸುವ ವಿಎಫ್‌ಡಿ ಡ್ರೈವ್. ಬ್ಯಾಟರಿ ಇಲ್ಲ. ಮೋಟಾರು ನೇರ ಹೊರಟರೆ ಶುರುವಿನಲ್ಲಿ ಐದಾರು ಪಟ್ಟು ಆಂಪ್ ಎಳೆಯುತ್ತದೆ, ಪ್ಯಾನೆಲ್ ಅಷ್ಟನ್ನು ಕೊಡಲಾರದು, ಡ್ರೈವ್ ಅದನ್ನು ನಿಧಾನಕ್ಕೆ ಎಬ್ಬಿಸುತ್ತದೆ. ಬೀಸುವುದು ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ. ಮೋಡ ಅಡ್ಡ ಬಂದರೆ ವೇಗ ಇಳಿದು ಹಿಟ್ಟು ತರಿಯಾಗುತ್ತದೆ, ಇನ್ನೂ ಇಳಿದರೆ ನಿಲ್ಲುತ್ತದೆ. ಕಲ್ಲಿನೊಳಗೆ ರಾಗಿ ತುಂಬಿರುವಾಗಲೇ ನಿಂತರೆ ಬಿಸಿಲು ಬಂದಾಗ ಮೋಟಾರು ತಿರುಗಲಾರದೆ ಡ್ರೈವ್ ಟ್ರಿಪ್ ಆಗುತ್ತದೆ. ಹೊಸಬರು ಮತ್ತೆ ಮತ್ತೆ ಸ್ವಿಚ್ಚು ಒತ್ತುತ್ತಾರೆ. ಇಲ್ಲಿ ಗಿರಣಿ ನಡೆಸುವ ಹೆಂಗಸು ಹೊಲದ ಕಡೆಯಿಂದ ನೆರಳು ಓಡಿಬರುವುದನ್ನು ಬಾಗಿಲಲ್ಲೇ ನಿಂತು ನೋಡಿ, ಅದು ಪ್ಯಾನೆಲ್ ಮುಟ್ಟುವ ಮೊದಲೇ ಬುಟ್ಟಿಯ ಬಾಯಿ ಮುಚ್ಚುತ್ತಿದ್ದರು. ಕಲ್ಲು ಖಾಲಿಯಾಗಿ ನಿಲ್ಲುತ್ತಿತ್ತು. "ಇದ ಯಾರೂ ಯೋಳ್ಕೊಡ್ಲಿಲ್ಲ ಸಾ, ನಾಕ್ ಸಲ ಕಲ್ಲು ಬಿಚ್ಚಿದ್ ಮ್ಯಾಲೆ ಬುದ್ಧಿ ಬಂತು" ಅಂದರು. ಬಿಳಿಗಿರಿಯಿಂದ ಬಂದಿದ್ದವರು ಅವರಿಂದ ಎರಡು ಗಂಟೆ ಕಲಿತದ್ದು ಯಾವ ಕೈಪಿಡಿಯಲ್ಲೂ ಇಲ್ಲ.

ಇಂಥ ತರಬೇತಿ ಇಡುವವರು ತಿಂಗಳು ನೋಡಿಕೊಳ್ಳಬೇಕು. ಏಪ್ರಿಲಿನಿಂದ ಜೂನ್ ಜೇನು, ಡಿಸೆಂಬರ್ ಜನವರಿ ಕಾಫಿ, ಆಗ ಕರೆದರೆ ಬರುವವರು ಬೇರೆ ಕೆಲಸ ಇಲ್ಲದವರು ಮಾತ್ರ. ಅಕ್ಟೋಬರಿನಲ್ಲಿ ರಾತ್ರಿ ರಾಗಿ ಕಾದವರು ಬೆಳಿಗ್ಗೆ ಕ್ಲಾಸಿನಲ್ಲಿ ತೂಕಡಿಸುತ್ತಾರೆ, ಪಾಠ ಹತ್ತು ಗಂಟೆಗೆ ಮೊದಲು ಶುರು ಮಾಡಬೇಡಿ. ದಿನದ ಕೂಲಿ ತಪ್ಪುವುದರಿಂದ ಅಷ್ಟನ್ನಾದರೂ ಕೊಡಬೇಕು, ಮಕ್ಕಳನ್ನು ನೋಡಿಕೊಳ್ಳಲು ಒಬ್ಬರು ಬೇಕು. ಬಿಳಿಗಿರಿಗೆ ಹೋಗುವವರು ಬೆಚ್ಚಗಿನ ಬಟ್ಟೆ, ಜಿಗಣೆಗೆ ಉಪ್ಪು, ಮತ್ತು ಮೀಟರಿನ ಫ್ಯೂಸು ಮರೆಯದೆ ಒಯ್ಯಿರಿ. ಯಳಂದೂರಿನ ಅಂಗಡಿಯಲ್ಲಿ ಆ ಅಳತೆಯದು ಸಿಗಲಿಲ್ಲ.